ದೊಡ್ಡ ವಾಹನಗಳ ಚಾಲನಾ ಪರವಾನಗಿ: ನಿಯಮಗಳ ಅಸಮತೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯ ಆಡಳಿತವು ಇಂದು ವಾಹನಗಳಿಲ್ಲದೆ ನಡೆಯದು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ರ್ಯಾಕ್ಟರ್ ಟ್ಯಾಂಕರ್ ಬೇಕು. ಮನೆ ಮನೆಯ ಕಸ ಸಂಗ್ರಹಿಸಲು ಸ್ವಚ್ಛ ವಾಹಿನಿ ಬೇಕು. ಕಾಮಗಾರಿಗಳಿಗೆ ಜೆಸಿಬಿ, ಜಲ್ಲಿ ಹೊರುವ ಟಿಪ್ಪರ್ ಬೇಕು. ಇವುಗಳ ಪೈಕಿ ಕೆಲವಕ್ಕೆ ಪಂಚಾಯಿತಿಯೇ ಮಾಲೀಕ, ಕೆಲವನ್ನು ಅದು ಬಾಡಿಗೆಗೆ ಪಡೆಯುತ್ತದೆ. ಬಿಲ್ಲು ಮಂಜೂರಾತಿಗೆ ಬಂದಾಗ ಟ್ರಿಪ್ಪುಗಳೆಷ್ಟು, ದರವೆಷ್ಟು, ಲಾಗ್ ಪುಸ್ತಕದಲ್ಲಿ ಸಹಿ ಇದೆಯೇ ಎಂಬುದನ್ನು ಸಭೆ ಪರಿಶೀಲಿಸುತ್ತದೆ. ವಾಹನ ನಡೆಸಿದವನು ಯಾರು, ಆ ವಾಹನವನ್ನು ನಡೆಸಲು ಅವನಿಗೆ ಅರ್ಹತೆ ಇತ್ತೇ ಎಂಬ ಪ್ರಶ್ನೆ ಮಾತ್ರ ಸಾಮಾನ್ಯವಾಗಿ ಏಳುವುದು ಅಪಘಾತವಾದ ಮೇಲೆ. ಆ ಪ್ರಶ್ನೆಯನ್ನು ಮೊದಲೇ ಕೇಳಬೇಕಾದುದು ಏಕೆ, ಕೇಳುವುದು ಹೇಗೆ ಎಂಬುದೇ ಈ ಉಪನ್ಯಾಸದ ವಿಷಯ.

ಕಾನೂನಿನ ಎರಡು ಅಳತೆಗೋಲುಗಳು

1988ರ ಮೋಟಾರು ವಾಹನಗಳ ಅಧಿನಿಯಮದ 3ನೇ ಪ್ರಕರಣದಂತೆ, ಸಾರ್ವಜನಿಕ ಸ್ಥಳದಲ್ಲಿ ವಾಹನ ನಡೆಸುವವರು ಆ ವರ್ಗದ ವಾಹನಕ್ಕೆ ಊರ್ಜಿತವಾದ ಪರವಾನಗಿಯನ್ನು ಹೊಂದಿರತಕ್ಕದ್ದು. ಅಧಿನಿಯಮ ಜಾರಿಗೆ ಬಂದಾಗ ಮಧ್ಯಮ ಸರಕು, ಮಧ್ಯಮ ಪ್ರಯಾಣಿಕ, ಭಾರೀ ಸರಕು, ಭಾರೀ ಪ್ರಯಾಣಿಕ ಎಂಬ ನಾಲ್ಕು ಪ್ರತ್ಯೇಕ ವರ್ಗಗಳಿದ್ದವು. 1994ರ ತಿದ್ದುಪಡಿಯು ಈ ನಾಲ್ಕನ್ನೂ ತೆಗೆದು 'ಸಾರಿಗೆ ವಾಹನ' ಎಂಬ ಒಂದೇ ವರ್ಗವನ್ನಿಟ್ಟಿತು. ಆದರೆ 2(21)ನೇ ಪ್ರಕರಣದಲ್ಲಿನ 'ಲಘು ಮೋಟಾರು ವಾಹನ'ದ ವ್ಯಾಖ್ಯೆ ಹಾಗೆಯೇ ಉಳಿಯಿತು. ಅದರ ಪ್ರಕಾರ 7,500 ಕಿಲೋಗ್ರಾಂ ಮೀರದ ಸಾರಿಗೆ ವಾಹನವೂ ಲಘು ವಾಹನವೇ. ಹೀಗೆ ಬಳಕೆ ಒಂದು ಅಳತೆಗೋಲಾಯಿತು, ತೂಕ ಮತ್ತೊಂದಾಯಿತು. ಸಣ್ಣ ಸರಕು ವಾಹನವನ್ನು ಲಘು ವಾಹನದ ಪರವಾನಗಿಯಲ್ಲಿ ನಡೆಸಬಹುದೇ ಎಂಬ ವಿವಾದ ಹುಟ್ಟಿದ್ದು ಇಲ್ಲಿಂದಲೇ. ಅಪಘಾತ ಪರಿಹಾರದ ದಾವೆಗಳಲ್ಲಿ ಈ ಪ್ರಶ್ನೆ ವರ್ಷಗಟ್ಟಲೆ ಮತ್ತೆ ಮತ್ತೆ ಎದ್ದಿತು.

2017ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು 'ನಡೆಸಬಹುದು' ಎಂದಿತು. ಆ ತೀರ್ಪಿನ ಬಗ್ಗೆ ಸಂದೇಹಗಳು ಎದ್ದುದರಿಂದ ವಿಷಯ ಸಂವಿಧಾನ ಪೀಠಕ್ಕೆ ಹೋಯಿತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು: ಒಟ್ಟು ತೂಕ 7,500 ಕಿಲೋಗ್ರಾಂನೊಳಗಿನ ಸಾರಿಗೆ ವಾಹನವನ್ನು ನಡೆಸಲು ಲಘು ವಾಹನದ ಪರವಾನಗಿಯೇ ಸಾಕು, ಪ್ರತ್ಯೇಕ ನಮೂದು ಬೇಕಿಲ್ಲ. ಇಂತಹ ಪರವಾನಗಿದಾರರಿಂದಲೇ ಅಪಘಾತಗಳು ಹೆಚ್ಚಿವೆ ಎಂದು ತೋರಿಸುವ ಅಂಕಿ ಅಂಶಗಳನ್ನು ಯಾರೂ ಮುಂದಿಟ್ಟಿಲ್ಲವೆಂಬುದನ್ನೂ ನ್ಯಾಯಾಲಯ ಗಮನಿಸಿತು.

ಈ ತೀರ್ಪಿನಿಂದ ಪಂಚಾಯಿತಿಗಳಿಗೆ ನೇರ ಪ್ರಯೋಜನವಿದೆ. ಸ್ವಚ್ಛ ವಾಹಿನಿಯ ಆಟೋ ಟಿಪ್ಪರ್ ಈ ತೂಕದ ಮಿತಿಯೊಳಗೇ ಬರುತ್ತದೆ. ಚಾಲನಾ ತರಬೇತಿ ಪಡೆದು ಲಘು ವಾಹನದ ಪರವಾನಗಿ ಗಳಿಸಿರುವ ಸ್ವಸಹಾಯ ಸಂಘದ ಮಹಿಳೆಯರಿಗೆ ಸಾರಿಗೆ ವಾಹನದ ನಮೂದು ಇಲ್ಲವೆಂಬ ಕಾರಣಕ್ಕೆ ಕೆಲಸ ನಿರಾಕರಿಸುವ ಅಗತ್ಯ ಈಗ ಉಳಿದಿಲ್ಲ.

ಟ್ರ್ಯಾಕ್ಟರ್ ಎಂಬ ಲಘು ವಾಹನ

ಅಸಮತೆ ಎದ್ದು ಕಾಣುವುದು ಟ್ರ್ಯಾಕ್ಟರ್‌ನಲ್ಲಿ. ಅದೇ 2(21)ನೇ ಪ್ರಕರಣವು ಸರಕು ವಾಹನವನ್ನು ಹೊರೆ ಸಹಿತವಾದ ಒಟ್ಟು ತೂಕದಿಂದ ಅಳೆಯುತ್ತದೆ; ಟ್ರ್ಯಾಕ್ಟರನ್ನು ಖಾಲಿ ತೂಕದಿಂದ ಅಳೆಯುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು ಕೃಷಿ ಟ್ರ್ಯಾಕ್ಟರನ್ನು ಸಾರಿಗೆಯೇತರ ವಾಹನವೆಂದು ಕರೆದಿವೆ. ಟ್ರ್ಯಾಕ್ಟರ್‌ಗೆ ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಅದರ ಚಾಲಕನ ಪರವಾನಗಿ ಅಸಿಂಧುವಾಗದೆಂದು 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಇದರ ಪರಿಣಾಮವನ್ನು ಹೋಲಿಸಿ ನೋಡಬಹುದು. 8 ಟನ್ ಒಟ್ಟು ತೂಕದ ಲಾರಿಯ ಚಾಲಕನಿಗೆ 20 ವರ್ಷ ತುಂಬಿರಬೇಕು. ಕಲಿಕಾ ಪರವಾನಗಿಗೆ ಮುನ್ನ ಅವನು ಲಘು ವಾಹನದ ಪರವಾನಗಿಯನ್ನು ಕನಿಷ್ಠ 1 ವರ್ಷ ಹೊಂದಿರಬೇಕು. ನಮೂನೆ 1ಎಯಲ್ಲಿ ವೈದ್ಯರ ಪ್ರಮಾಣಪತ್ರ ತರಬೇಕು. 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಸುಮಾರು 2 ಟನ್ ತೂಗುವ ಟ್ರ್ಯಾಕ್ಟರ್ ತನ್ನ ಹಿಂದೆ ಅದೇ ಲಾರಿಯನ್ನು ಮೀರಿಸುವ ಕಬ್ಬಿನ ಹೊರೆ ಎಳೆದರೂ ಅದರ ಚಾಲಕನಿಗೆ 18 ವರ್ಷ ಸಾಕು. 40 ವರ್ಷದೊಳಗಿನವರಿಗೆ ಆರೋಗ್ಯದ ಬಗ್ಗೆ ಸ್ವಯಂ ಘೋಷಣೆಯೇ ಸಾಕು. 30 ವರ್ಷಕ್ಕೆ ಮೊದಲು ಪಡೆದ ಪರವಾನಗಿ 40ರವರೆಗೆ ನಡೆಯುತ್ತದೆ. ಕಾರಿನಲ್ಲಿ ಪರೀಕ್ಷೆ ಕೊಟ್ಟು ಪಡೆದ ಪರವಾನಗಿಯೂ ಟ್ರ್ಯಾಕ್ಟರ್‌ಗೆ ಸಲ್ಲುತ್ತದೆ. ಜೆಸಿಬಿಯಂತಹ ನಿರ್ಮಾಣ ಯಂತ್ರಗಳೂ ನಿಯಮದ ದೃಷ್ಟಿಯಲ್ಲಿ ಸಾರಿಗೆಯೇತರ ವಾಹನಗಳೇ.

ರಸ್ತೆಗೆ ಈ ವರ್ಗೀಕರಣ ತಿಳಿಯದು. ನಿಲ್ಲಿಸಬೇಕಾದ ತೂಕವೆಷ್ಟು, ನಿಲ್ಲಿಸುವ ಬ್ರೇಕು ಎಷ್ಟು ಎಂಬುದಷ್ಟೇ ಅಲ್ಲಿ ಲೆಕ್ಕಕ್ಕೆ ಬರುತ್ತದೆ. 5,000 ಲೀಟರ್ ನೀರಿನ ತೂಕ 5 ಟನ್. ಟ್ಯಾಂಕಿಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಅಷ್ಟೂ ಭಾರವನ್ನು ಅದರ ಅರ್ಧದಷ್ಟೂ ತೂಗದ ಟ್ರ್ಯಾಕ್ಟರ್ ಒಂದೇ ತಡೆಯಬೇಕು. ಇಳಿಜಾರಿನಲ್ಲಿ ಒಮ್ಮೆಲೇ ಬ್ರೇಕ್ ಒತ್ತಿದರೆ ಹಿಂದಿನ ಭಾರ ಮುಂದಕ್ಕೆ ನೂಕಿ, ಟ್ರ್ಯಾಕ್ಟರನ್ನು ಅಡ್ಡಲಾಗಿ ತಿರುಗಿಸಿ ಉರುಳಿಸಬಲ್ಲದು. ಅರ್ಧ ತುಂಬಿದ ಟ್ಯಾಂಕು ಪೂರ್ಣ ತುಂಬಿದ್ದಕ್ಕಿಂತ ಕಡಿಮೆ ಅಪಾಯಕಾರಿ ಎಂಬ ಭಾವನೆಯೂ ಸರಿಯಲ್ಲ. ತಿರುವಿನಲ್ಲಿ ನೀರು ಒಂದೇ ಕಡೆಗೆ ನುಗ್ಗಿ ಸಮತೋಲವನ್ನು ಕೆಡಿಸುತ್ತದೆ. ಒಳಗೆ ಅಡ್ಡ ಫಲಕಗಳಿಲ್ಲದ ಟ್ಯಾಂಕಿನಲ್ಲಿ ಇದು ಇನ್ನೂ ಹೆಚ್ಚು. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ವಾಹನ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ.

ಇನ್ನೊಂದು ಸಣ್ಣ ಅಂಶವನ್ನು ಪ್ರತಿಯೊಬ್ಬ ಸದಸ್ಯರೂ ತಿಳಿದಿರಬೇಕು. ಟ್ರ್ಯಾಕ್ಟರ್‌ಗೆ ಎಡ ಮತ್ತು ಬಲ ಹಿಂಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲುಗಳಿರುತ್ತವೆ. ಹೊಲದಲ್ಲಿ ಚಿಕ್ಕ ಜಾಗದಲ್ಲಿ ತಿರುಗಲು ಈ ಏರ್ಪಾಡು. ರಸ್ತೆಗೆ ಇಳಿಯುವ ಮುನ್ನ ಎರಡನ್ನೂ ಚಿಲಕದಿಂದ ಕೂಡಿಸಲೇಬೇಕು. ಕೂಡಿಸದೆ ಒಂದನ್ನೇ ಒತ್ತಿದರೆ ವಾಹನ ಒಂದು ಬದಿಗೆ ಎಳೆದುಕೊಳ್ಳುತ್ತದೆ. ಕಾರಿನಲ್ಲಿ ಪರೀಕ್ಷೆ ಕೊಟ್ಟವನನ್ನು ಈ ಪ್ರಶ್ನೆ ಯಾರೂ ಕೇಳಿರುವುದಿಲ್ಲ.

ಟ್ರೇಲರ್‌ನಲ್ಲಿ ಕೂರುವ ಜನ

ಕೂಲಿಗೆ, ಮದುವೆಗೆ, ಜಾತ್ರೆಗೆ ಟ್ರೇಲರ್‌ನಲ್ಲಿ ಜನರನ್ನು ಕರೆದೊಯ್ಯುವುದು ನಮ್ಮ ಹಳ್ಳಿಗಳಲ್ಲಿ ರೂಢಿಯಾಗಿದೆ. ಟ್ರೇಲರ್ ಜನರು ಕೂರುವುದಕ್ಕಾಗಿ ಮಾಡಿದ್ದಲ್ಲ. ಆಸನವಿಲ್ಲ, ಹಿಡಿಕೆಯಿಲ್ಲ, ಉರುಳಿದರೆ ರಕ್ಷಣೆಯಿಲ್ಲ. ವಿಮೆಯ ದೃಷ್ಟಿಯಿಂದ ಇದು ಇನ್ನೂ ಕಠಿಣ. ಕೃಷಿ ಉದ್ದೇಶಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರ್‌ನ ಟ್ರಾಲಿಯಲ್ಲಿ ಇಟ್ಟಿಗೆ ಭಟ್ಟಿಗೆ ಮಣ್ಣು ಸಾಗಿಸುತ್ತಿದ್ದಾಗ ಗಾಯಗೊಂಡ ಕಾರ್ಮಿಕನೊಬ್ಬನ ದಾವೆ 2007ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ವಿಮಾ ಕಂಪನಿ ಹೊಣೆಯಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು. ಕಾರ್ಮಿಕನ ಬಡತನವನ್ನು ಪರಿಗಣಿಸಿ ಕಂಪನಿ ಮೊದಲು ಹಣ ಕೊಟ್ಟು, ಅನಂತರ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ವಿಶೇಷ ಅಧಿಕಾರ ಬಳಸಿ ಆದೇಶಿಸಿತು. ವಿಶೇಷ ಅಧಿಕಾರದ ಆ ಕರುಣೆಯನ್ನು ನಂಬಿ ಯಾವ ಕುಟುಂಬವೂ ಟ್ರೇಲರ್ ಹತ್ತುವಂತಾಗಬಾರದು. ಪಂಚಾಯಿತಿಯ ನೀರು, ಜಲ್ಲಿ ಹೊರಲು ಬರುವ ಟ್ರ್ಯಾಕ್ಟರ್‌ನ ವಿಮೆ ಯಾವ ಉದ್ದೇಶಕ್ಕೆ ಮಾಡಿಸಿದ್ದೆಂದು ನೋಡಬೇಕಾದುದೂ ಇದೇ ಕಾರಣಕ್ಕೆ.

ದಣಿದ ಚಾಲಕ

ಕೆಲಸದ ಅವಧಿಯಲ್ಲೂ ಇದೇ ಅಸಮತೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನೂ, 5 ಗಂಟೆಗಳ ಕೆಲಸದ ನಂತರ ಕನಿಷ್ಠ ಅರ್ಧ ಗಂಟೆಯ ವಿಶ್ರಾಂತಿಯನ್ನೂ ಹಾಕಿಕೊಟ್ಟಿತು. ಆದರೆ ಅದು ಅನ್ವಯಿಸುವಂತೆ ರಚಿತವಾದದ್ದು 5 ಅಥವಾ ಹೆಚ್ಚು ಕಾರ್ಮಿಕರಿರುವ ಸಾರಿಗೆ ಉದ್ಯಮಗಳಿಗೆ. ಬೆಳಗಾವಿ, ಬಾಗಲಕೋಟೆ, ಮಂಡ್ಯ ಜಿಲ್ಲೆಗಳಲ್ಲಿ ಕಬ್ಬು ಅರೆಯುವ ಹಂಗಾಮಿನಲ್ಲಿ ಕಾರ್ಖಾನೆಯ ಸರದಿಯಲ್ಲಿ ಕಾದು ರಾತ್ರಿ ಮರಳುವ ಒಂಟಿ ಟ್ರ್ಯಾಕ್ಟರ್ ಚಾಲಕನಾಗಲಿ, ಬೇಸಿಗೆಯಲ್ಲಿ ಹಗಲಿರುಳು ನೀರು ಹೊರುವ ಟ್ಯಾಂಕರ್ ಚಾಲಕನಾಗಲಿ ಆ ಚೌಕಟ್ಟಿನೊಳಗೆ ಬರಲಿಲ್ಲ. ಟ್ರಿಪ್ಪಿನ ಲೆಕ್ಕದಲ್ಲಿ ಹಣ ಕೊಡುವ ಪದ್ಧತಿಯೇ ಅವನನ್ನು ಅವಸರಕ್ಕೆ ದೂಡುತ್ತದೆ. ಟ್ರಿಪ್ಪುಗಳ ಸಂಖ್ಯೆಯನ್ನು ನಿಗದಿಪಡಿಸುವುದು ಪಂಚಾಯಿತಿಯೇ ಆದ್ದರಿಂದ ಈ ಅವಸರದಲ್ಲಿ ಅದರ ಪಾಲೂ ಇದೆ.

ಮಾಲೀಕನಾಗಿ ಪಂಚಾಯಿತಿ

ಅಧಿನಿಯಮದ 5ನೇ ಪ್ರಕರಣದಂತೆ ಮಾಲೀಕನಾಗಲಿ, ವಾಹನದ ಉಸ್ತುವಾರಿ ಹೊಂದಿದವನಾಗಲಿ ಅರ್ಹ ಪರವಾನಗಿ ಇಲ್ಲದವನಿಗೆ ವಾಹನ ಕೊಡುವಂತಿಲ್ಲ. ಕೊಟ್ಟರೆ 180ನೇ ಪ್ರಕರಣದಡಿ 3 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ. ಅಪ್ರಾಪ್ತನ ಕೈಗೆ ಕೊಟ್ಟು ಅವನಿಂದ ಅಪರಾಧ ನಡೆದರೆ 199ಎ ಪ್ರಕರಣದಡಿ ಪೋಷಕ ಅಥವಾ ಮಾಲೀಕನಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ಪರವಾನಗಿಯ ಅವಧಿ ಮುಗಿದ ಮೇಲೂ 30 ದಿನ ನಡೆಯುತ್ತಿದ್ದ ರಿಯಾಯಿತಿಯನ್ನು 2019ರ ತಿದ್ದುಪಡಿ ತೆಗೆದುಹಾಕಿದೆ.

ದಂಡಕ್ಕಿಂತ ದೊಡ್ಡದು ಪರಿಹಾರದ ಹೊರೆ. ದುಡಿಯುವ ವ್ಯಕ್ತಿಯೊಬ್ಬರ ಸಾವಿಗೆ ನ್ಯಾಯಮಂಡಳಿ ನಿಗದಿಪಡಿಸುವ ಮೊತ್ತವು ಮಾಲೀಕನ ಮೇಲೆ ಬಿದ್ದರೆ, ಪಂಚಾಯಿತಿಯ ಸ್ವಂತ ಸಂಪನ್ಮೂಲ, ಅಂದರೆ ಮನೆ ಕಂದಾಯ ಮತ್ತು ನೀರಿನ ಕರದ ಹಣ, ಅದಕ್ಕೆ ಸಾಲದೆ ಹೋಗಬಹುದು. ಇಲ್ಲಿ ಕಾನೂನು ಎಚ್ಚರವುಳ್ಳ ಮಾಲೀಕನ ಪರವಾಗಿದೆ. ಚಾಲಕನ ಪರವಾನಗಿಯಲ್ಲಿ ದೋಷವಿದ್ದರೆ ಸಾಲದು, ಮಾಲೀಕನೂ ಸೂಕ್ತ ಎಚ್ಚರ ವಹಿಸಿರಲಿಲ್ಲವೆಂದು ವಿಮಾ ಕಂಪನಿ ಸಾಬೀತುಪಡಿಸಬೇಕೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. 2003ರ ಇನ್ನೊಂದು ತೀರ್ಪಿನಂತೆ, ನೇಮಿಸಿಕೊಳ್ಳುವಾಗ ಮಾಲೀಕನು ಪರವಾನಗಿಯನ್ನು ನೋಡಿ, ಚಾಲಕನ ಕೌಶಲವನ್ನು ಪರೀಕ್ಷಿಸಿ ತೃಪ್ತನಾಗಬೇಕು. ಆದುದರಿಂದ ಪರವಾನಗಿಯ ಒಂದು ಜೆರಾಕ್ಸ್ ಪ್ರತಿ ಮತ್ತು ವಹಿಯಲ್ಲಿನ ಒಂದು ಸಾಲು ಪಂಚಾಯಿತಿಯ ನಿಧಿಯನ್ನೂ, ಸಂತ್ರಸ್ತ ಕುಟುಂಬದ ಪರಿಹಾರವನ್ನೂ ಕಾಯಬಲ್ಲವು.

ಕೈಗೊಳ್ಳಬಹುದಾದ ಕ್ರಮಗಳು

ಅಧಿನಿಯಮವನ್ನು ತಿದ್ದುವುದು ಸಂಸತ್ತಿನ ಕೆಲಸ. ರಸ್ತೆಯಲ್ಲಿ ತಡೆದು ದಂಡ ಹಾಕುವುದು ಪೊಲೀಸ್ ಮತ್ತು ಸಾರಿಗೆ ಇಲಾಖೆಗಳ ಕೆಲಸ. ತನ್ನ ವಾಹನಕ್ಕೂ ತಾನು ಬಾಡಿಗೆಗೆ ಪಡೆಯುವ ವಾಹನಕ್ಕೂ ಕಾನೂನು ಕೇಳುವುದಕ್ಕಿಂತ ಹೆಚ್ಚಿನ ಷರತ್ತು ವಿಧಿಸಲು ಪಂಚಾಯಿತಿಗೆ ಯಾವ ಅಡ್ಡಿಯೂ ಇಲ್ಲ. ಸಾಮಾನ್ಯ ಸಭೆಯಲ್ಲಿ ಈ ಕೆಳಗಿನಂತೆ ನಿರ್ಣಯಿಸಬಹುದು.

1. ಸ್ವಂತ ಹಾಗೂ ಬಾಡಿಗೆ ವಾಹನಗಳ ಚಾಲಕರ ವಹಿಯನ್ನು ಇಡುವುದು. ಪರವಾನಗಿ ಸಂಖ್ಯೆ, ವಾಹನ ವರ್ಗ, ಅವಧಿ ಮುಗಿಯುವ ದಿನಾಂಕವನ್ನು ಅದರಲ್ಲಿ ಬರೆದು, ಸಾರಿಗೆ ಇಲಾಖೆಯ 'ಸಾರಥಿ' ಜಾಲತಾಣದಲ್ಲಿ ತಾಳೆ ನೋಡುವುದು.

2. ಟ್ಯಾಂಕರ್ ಮತ್ತು ಟ್ರೇಲರ್ ನಡೆಸುವವರಿಗೆ 20 ವರ್ಷ ವಯಸ್ಸು, 1 ವರ್ಷದ ಚಾಲನಾ ಅನುಭವ ಹಾಗೂ ಕಣ್ಣಿನ ತಪಾಸಣೆಯ ಪತ್ರವನ್ನು ಬಾಡಿಗೆ ಕರಾರಿನ ಷರತ್ತಾಗಿ ಸೇರಿಸುವುದು.

3. ಕಾರ್ಯಾದೇಶಕ್ಕೆ ಮುನ್ನ ವಿಮಾ ಪತ್ರದ ಉದ್ದೇಶ, ಟ್ರೇಲರ್‌ನ ನೋಂದಣಿ, ಬ್ರೇಕ್ ಪೆಡಲಿನ ಚಿಲಕ, ಹಿಂದಿನ ದೀಪ ಮತ್ತು ಪ್ರತಿಫಲಕಗಳನ್ನು ಪರಿಶೀಲಿಸುವುದು.

4. ಚಾಲಕನೊಬ್ಬನ ದಿನದ ಟ್ರಿಪ್ಪುಗಳನ್ನು 8 ಗಂಟೆಗಳ ದುಡಿಮೆಗೆ ಮಿತಿಗೊಳಿಸುವುದು. ಹೆಚ್ಚು ಬೇಕಾದಾಗ ಎರಡನೆಯ ಚಾಲಕನನ್ನು ಕೇಳುವುದು.

5. ಪಂಚಾಯಿತಿಯ ಕೆಲಸದ ಯಾವ ಟ್ರೇಲರ್‌ನಲ್ಲೂ ಜನರನ್ನು ಸಾಗಿಸದಿರುವುದು. ಈ ವಿಷಯವನ್ನು ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳಲ್ಲಿ ಪ್ರಸ್ತಾಪಿಸುವುದು.

6. ಪರವಾನಗಿ ಇಲ್ಲದೆ ಟ್ರ್ಯಾಕ್ಟರ್ ನಡೆಸುತ್ತಿರುವ ಯುವಕರಿಗಾಗಿ ಗ್ರಾಮದಲ್ಲಿಯೇ ಶಿಬಿರ ನಡೆಸುವಂತೆ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಪತ್ರ ಮುಖೇನ ಕೋರುವುದು.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಅನುದಾನ ಬೇಕಿಲ್ಲ. ಷರತ್ತು ಹೆಚ್ಚಿದರೆ ಬಾಡಿಗೆಗೆ ಬರುವ ಟ್ರ್ಯಾಕ್ಟರ್‌ಗಳು ಕಡಿಮೆಯಾಗಬಹುದೆಂಬ ಆತಂಕ ಸಹಜ. ನೀರಿನ ಅಭಾವದ ದಿನಗಳಲ್ಲಿ ಅದು ನಿಜವಾದ ತೊಂದರೆಯೂ ಹೌದು. ಆದುದರಿಂದ ಬೇಸಿಗೆ ಬರುವುದಕ್ಕೆ ಮೊದಲೇ, ಮಳೆಗಾಲ ಮುಗಿದೊಡನೆ ನಡೆಯುವ ಸಭೆಯಲ್ಲಿ ನಿರ್ಣಯ ಕೈಗೊಂಡು ಊರಿನ ಟ್ರ್ಯಾಕ್ಟರ್ ಮಾಲೀಕರಿಗೆ ತಿಳಿಸುವುದು ಯುಕ್ತ. ದಾಖಲೆ ಸರಿಪಡಿಸಿಕೊಳ್ಳಲು ಅವರಿಗೆ ನಾಲ್ಕಾರು ತಿಂಗಳ ಕಾಲಾವಕಾಶ ದೊರೆಯುತ್ತದೆ. ಮೊದಲ ಟ್ಯಾಂಕರ್ ಹೊರಡುವ ಹೊತ್ತಿಗೆ ಅದನ್ನು ನಡೆಸುವವರ ಹೆಸರು ಪಂಚಾಯಿತಿಯ ವಹಿಯಲ್ಲಿ ಇರುತ್ತದೆ.