ಗುರುವಿನ ಋಣ
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಿನ ಹಿರಿಯರೊಬ್ಬರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ನಮ್ಮ ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಅರಸರ ಹೆಸರು, ಕವಿಗಳ ಹೆಸರು, ಏಕೀಕರಣಕ್ಕಾಗಿ ದುಡಿದವರ ಹೆಸರು, ಇವನ್ನೆಲ್ಲ ಈ ವೇದಿಕೆಯಿಂದ ನೀವು ವರ್ಷ ವರ್ಷವೂ ಕೇಳುತ್ತ ಬಂದಿದ್ದೀರಿ. ನಾನು ಇಂದು ಒಬ್ಬ ಗುರುಗಳನ್ನು ನೆನೆಯಬೇಕೆಂದಿದ್ದೇನೆ. ಅವರು ಹುಟ್ಟಿದ್ದು ಹುಬ್ಬಳ್ಳಿಯ ಹತ್ತಿರದ ಕುಂದಗೋಳದಲ್ಲಿ. ಕಣ್ಣು ಮುಚ್ಚಿದ್ದು ನಾವು ಕುಳಿತಿರುವ ಈ ಪುಣೆಯಲ್ಲಿ. ಅವರೇ ಸವಾಯಿ ಗಂಧರ್ವರು.

ಅವರ ಹೆಸರು ಈ ಊರಿನಲ್ಲಿ ಕೇಳದವರಿಲ್ಲ. ಪ್ರತಿ ವರ್ಷದ ಚಳಿಗಾಲದಲ್ಲಿ ಅವರ ಹೆಸರಿನ ಸಂಗೀತೋತ್ಸವಕ್ಕೆ ಸಾವಿರಾರು ಜನ ಸೇರುತ್ತಾರೆ. ಆದರೆ ಅಲ್ಲಿಗೆ ಹೋಗಿ ಬರುವ ನಮ್ಮ ಮಕ್ಕಳನ್ನು, ‘ಈ ಸವಾಯಿ ಗಂಧರ್ವರು ಯಾರಪ್ಪಾ?’ ಎಂದು ಕೇಳಿ ನೋಡಿರಿ. ಬಹಳ ಮಂದಿ ಸುಮ್ಮನಾಗುತ್ತಾರೆ. ತಪ್ಪು ಮಕ್ಕಳದಲ್ಲ, ನಾವು ಹೇಳಿಲ್ಲ, ಅಷ್ಟೆ.

ಅವರ ನಿಜವಾದ ಹೆಸರು ರಾಮಚಂದ್ರ. ಜನ ಕರೆಯುತ್ತಿದ್ದುದು ರಾಮಭಾವು ಕುಂದಗೋಳಕರ ಎಂದು. ಹುಟ್ಟಿದ್ದು 1886ರ ಜನವರಿ 19ರಂದು. ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ಅವರ ಗುರುಗಳು ಖಾನ್ ಸಾಹೇಬ ಅಬ್ದುಲ್ ಕರೀಂ ಖಾನರು. ಖಾನ್ ಸಾಹೇಬರು ಉತ್ತರ ಹಿಂದುಸ್ಥಾನದ ಕೈರಾನಾ ಎಂಬ ಊರಿನವರು. ಕಿರಾಣಾ ಘರಾಣೆಗೆ ಆ ಹೆಸರು ಬಂದದ್ದೇ ಆ ಊರಿನಿಂದ. ಅವರು ನಮ್ಮ ಧಾರವಾಡ ಸೀಮೆಗೆ ಬಂದು ಹೋಗಿ ಮಾಡುತ್ತಿದ್ದರು. ಮುಂದೆ ಮಿರಜಿನಲ್ಲಿ ನೆಲೆಸಿದರು. ಎಂಟು ವರ್ಷ ತಮ್ಮ ಬಳಿಯಲ್ಲೇ ಇರಬೇಕೆಂಬ ಕರಾರಿನ ಮೇಲೆ ಹುಡುಗ ರಾಮಭಾವುವನ್ನು ಶಿಷ್ಯನಾಗಿ ತೆಗೆದುಕೊಂಡರು ಎಂದು ಅವರ ಚರಿತ್ರೆಯಲ್ಲಿ ಹೇಳುತ್ತಾರೆ.

ಇಲ್ಲಿ ತಾಯಿತಂದೆಗಳು ಗಮನಿಸಬೇಕಾದ ಸಂಗತಿಯೊಂದಿದೆ. ರಾಮಭಾವು ಪ್ರಾಯಕ್ಕೆ ಬರುತ್ತಲೂ ಅವರ ದನಿ ಒಡೆಯಿತು. ಮೊದಲಿದ್ದ ಮಾಧುರ್ಯ ಹೋಗಿ ಕಂಠ ಒರಟಾಯಿತು, ಹೇಳಿದ ಕಡೆಗೆ ಬಾಗದಾಯಿತು. ಬೇರೆ ಯಾರಾದರೂ ಆಗಿದ್ದರೆ, ‘ಇದು ನಮ್ಮ ಹಣೆಯಲ್ಲಿ ಬರೆದಿಲ್ಲ’ ಎಂದು ತಂಬೂರಿಯನ್ನು ಮೂಲೆಗೆ ಒರಗಿಸಿಬಿಡುತ್ತಿದ್ದರು. ರಾಮಭಾವು ಬಿಡಲಿಲ್ಲ. ಒಂದೊಂದು ಸ್ವರವನ್ನೂ ತಿಕ್ಕಿ ತೀಡಿ, ಆ ಒರಟು ಕಂಠವನ್ನೇ ಪಳಗಿಸಿಕೊಂಡರು. ದೈವ ಕೊಟ್ಟ ಕಂಠದಿಂದ ಹಾಡುವವರು ಅನೇಕರಿದ್ದಾರೆ. ಇವರು ದುಡಿದು ಗಳಿಸಿದ ಕಂಠದಿಂದ ಹಾಡಿದರು. ದುಡಿದು ಗಳಿಸಿದವನಿಗೆ ಮಾತ್ರ ಇನ್ನೊಬ್ಬರಿಗೆ ಕಲಿಸುವ ದಾರಿ ಗೊತ್ತಿರುತ್ತದೆ. ಎಲ್ಲಿ ಎಡವಿದೆ, ಹೇಗೆ ಎದ್ದೆ ಎಂಬುದು ಅವನಿಗೆ ನೆನಪಿರುತ್ತದೆಯಷ್ಟೆ!

ಗುರುಗಳ ಇಚ್ಛೆಗೆ ವಿರೋಧವಾಗಿ ಅವರು ಮರಾಠಿ ನಾಟಕ ಕಂಪನಿ ಸೇರಿದರು. ಇದನ್ನೂ ಮುಚ್ಚಿಡದೆ ಹೇಳಬೇಕು. ದೊಡ್ಡವರ ಜೀವನದಲ್ಲಿಯೂ ಗುರುವಿನ ಮಾತು ಮೀರಿದ ಸಂದರ್ಭಗಳುಂಟು. ಸ್ತ್ರೀ ಪಾತ್ರಗಳನ್ನು ಮಾಡಿ, ಹಾಡಿ, ಮಹಾರಾಷ್ಟ್ರದ ಮನಸ್ಸನ್ನು ಗೆದ್ದರು. ಬಾಲಗಂಧರ್ವರ ಕೀರ್ತಿ ಮೆರೆಯುತ್ತಿದ್ದ ಆ ಕಾಲದಲ್ಲಿ ರಸಿಕರು ಇವರನ್ನು ‘ಸವಾಯಿ’ ಗಂಧರ್ವ, ಎಂದರೆ ಒಂದೂಕಾಲು ಗಂಧರ್ವ, ಎಂದು ಕರೆದರು. ಮುಂದೆ ರಂಗಭೂಮಿ ಬಿಟ್ಟು ಕುಂದಗೋಳದಲ್ಲಿ ನಿಂತು ಶಿಷ್ಯರಿಗೆ ಪಾಠ ಹೇಳಿದರು. ಅವರ ಜೀವನದ ನಿಜವಾದ ಫಲ ದೊರೆತದ್ದು ಆಗ.

ಆ ಶಿಷ್ಯರಲ್ಲಿ ಒಬ್ಬ ಹುಡುಗನ ಕಥೆ ನಿಮಗೆ ಗೊತ್ತಿರಬಹುದು. ಗದಗಿನ ಮಾಸ್ತರರ ಮಗ. ಅಬ್ದುಲ್ ಕರೀಂ ಖಾನರ ಠುಮರಿಯ ಗ್ರಾಮೋಫೋನ್ ತಟ್ಟೆಯೊಂದನ್ನು ಕೇಳಿ, ಹೀಗೆ ಹಾಡಬೇಕು ಎಂಬ ಹುಚ್ಚು ಹಿಡಿಯಿತು. 1933ರಲ್ಲಿ, ಹನ್ನೊಂದು ವರ್ಷದವನಿದ್ದಾಗ, ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಓಡಿಹೋದ. ರೈಲಿನಲ್ಲಿ ಹಾಡುತ್ತ, ಹಸಿವನ್ನು ನುಂಗುತ್ತ, ಗ್ವಾಲಿಯರ್, ಕಲಕತ್ತೆ, ಜಲಂಧರ ಎಂದು ಅಲೆದ. ಜಲಂಧರದಲ್ಲಿ ಪಂಡಿತ ವಿನಾಯಕರಾವ್ ಪಟವರ್ಧನರು ಅವನಿಗೆ ಹೇಳಿದ ಮಾತಿನ ಸಾರಾಂಶ ಇಷ್ಟೆ: ಇಷ್ಟು ದೂರ ಏಕೆ ಬಂದೆ? ನಿನ್ನ ಸೀಮೆಯಲ್ಲಿಯೇ ಸವಾಯಿ ಗಂಧರ್ವರಿದ್ದಾರಲ್ಲ, ಅವರ ಬಳಿಗೆ ಹೋಗು. ಆ ಹುಡುಗನೇ ಭೀಮಸೇನ ಜೋಶಿ.

ಹೊಟ್ಟೆಪಾಡಿಗಾಗಿ, ವಿದ್ಯೆಗಾಗಿ ಊರು ಬಿಟ್ಟು ಬಂದ ನಮಗೆ ಈ ಕಥೆ ಚೆನ್ನಾಗಿ ಅರ್ಥವಾಗಬೇಕು. ದೂರ ಹೋಗುವುದು ತಪ್ಪಲ್ಲ. ಅಷ್ಟು ದೂರ ಹೋಗದಿದ್ದರೆ ತನ್ನ ಹಿತ್ತಿಲಿನ ನಿಧಿಯ ಸುಳಿವು ಅವನಿಗೆ ಸಿಕ್ಕುತ್ತಿರಲಿಲ್ಲವೋ ಏನೋ. ಆದರೆ ಸುಳಿವು ಸಿಕ್ಕ ಮೇಲೆ ಹಿಂತಿರುಗಿ ನೋಡುವ ವಿನಯ ಬೇಕು.

1936ರ ಸುಮಾರಿಗೆ ಭೀಮಸೇನರು ಕುಂದಗೋಳದಲ್ಲಿ ಗುರುಗಳ ಮನೆ ಸೇರಿದರು. ಮೊದಲು ದೊರೆತದ್ದು ಹಾಡಲ್ಲ, ನೀರಿನ ಕೊಡ. ನೀರು ಹೊರುವುದು, ಮನೆಗೆಲಸ ಮಾಡುವುದು. ಆ ಬಳಿಕ ಪಾಠ. ಪಾಠವೆಂದರೆ ಎಷ್ಟು ರಾಗ? ತೋಡಿ, ಮುಲ್ತಾನಿ, ಪೂರಿಯಾ. ವರ್ಷಾನುಗಟ್ಟಲೆ ಇವುಗಳ ಮೇಲೆಯೇ ದುಡಿಮೆ. ಬೆಳಗಿಗೊಂದು, ಮಧ್ಯಾಹ್ನದ ಬಳಿಕ ಒಂದು, ಸಂಜೆಗೊಂದು. ಒಂದು ದಿನವೆಲ್ಲ ಅದರಲ್ಲಿಯೇ ತುಂಬಿಹೋಯಿತು. ಮೂರು ರಾಗಗಳ ಆಳ ಕಂಡವನಿಗೆ ಉಳಿದ ರಾಗಗಳ ಬಾಗಿಲು ತಾನಾಗಿ ತೆರೆಯುತ್ತದೆ ಎಂಬ ನಂಬಿಕೆಯ ಪಾಠ ಅದು.

ಶ್ರೀಮತಿ ಗಂಗೂಬಾಯಿ ಹಾನಗಲ್ಲರ ಅನುಭವವೂ ಇದೇ. ಮನೆಯ ಹೊರೆ ಹೊತ್ತುಕೊಂಡೇ ಅವರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಪಾಠಕ್ಕೆ ಹೋಗಿ ಬರುತ್ತಿದ್ದರು. ಗುರುಗಳು ಹೇಳಿಕೊಡುತ್ತಿದ್ದುದು ಒಂದೆರಡು ಸ್ವರಗುಚ್ಛ ಮಾತ್ರ. ಅದು ಗಂಟಲಲ್ಲಿ ಕೂಡುವ ತನಕ ಮುಂದಿನ ಮಾತಿಲ್ಲ. ಜಿಪುಣ ತನ್ನ ಹಣವನ್ನು ಹೇಗೆ ಎಣಿಸಿ ಎಣಿಸಿ ತೆಗೆಯುತ್ತಾನೆಯೋ ಹಾಗೆ ಸ್ವರಗಳನ್ನು ಖರ್ಚು ಮಾಡಬೇಕು ಎಂಬುದು ಆ ಗುರುಗಳ ಬೋಧೆಯೆಂದು ಗಂಗೂಬಾಯಿಯವರು ಹೇಳುತ್ತಿದ್ದರು. ಹಣದಲ್ಲಿ ಜಿಪುಣತನ ಕಲಿಸುವವರು ಬೇಕಾದಷ್ಟು ಜನರಿದ್ದಾರೆ. ವಿದ್ಯೆಯನ್ನು ಪೋಲು ಮಾಡಬೇಡ ಎಂದು ಕಲಿಸಿದವರು ಇವರು.

ಇನ್ನೊಂದು ಪಾಠವನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿಯೇ ಇರಲಿಲ್ಲ. ಅವರ ಗುರುಗಳು ಮುಸಲ್ಮಾನರು. ಅವರು ಬ್ರಾಹ್ಮಣರು. ಅವರ ಶಿಷ್ಯೆ ಗಂಗೂಬಾಯಿಯವರು, ಜಾತಿಯ ಹೆಸರಿನಲ್ಲಿ ಬಾಲ್ಯದಲ್ಲಿ ಅವಮಾನ ಉಂಡವರು. ಇನ್ನೊಬ್ಬ ಶಿಷ್ಯರು ಮುಂಬಯಿಯ ಫಿರೋಜ್ ದಸ್ತೂರರು, ಪಾರಸಿಗಳು. ಮನೆಯ ಮಾತು ಒಬ್ಬರದು ಕನ್ನಡ, ಒಬ್ಬರದು ಗುಜರಾತಿ. ಕಲಿತ ಚೀಜುಗಳ ಮಾತು ಬ್ರಜ. ಎಲ್ಲರ ಕಂಠದಲ್ಲಿಯೂ ಹರಿದದ್ದು ಒಂದೇ ನೀರು. ಕಲಿಯಲು ಬಂದವರಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ದುಡಿಯಲು ಸಿದ್ಧನೋ ಇಲ್ಲವೋ?

ಸಭಿಕರೆ, ಇನ್ನು ದುಃಖದ ಭಾಗವನ್ನು ಹೇಳಬೇಕು. 1940ರ ದಶಕದ ಮೊದಲಲ್ಲಿ ಸವಾಯಿ ಗಂಧರ್ವರಿಗೆ ಪಾರ್ಶ್ವವಾಯು ಬಡಿಯಿತು. ಅಷ್ಟು ಕಷ್ಟದಿಂದ ಗಳಿಸಿದ ಕಂಠ ಕೈಬಿಟ್ಟಿತು. ಹಾಡುಗಾರನಿಗೆ ಇದಕ್ಕಿಂತ ದೊಡ್ಡ ಕಷ್ಟ ಯಾವುದು? 1946ರ ಜನವರಿಯಲ್ಲಿ ಈ ಪುಣೆಯಲ್ಲಿ ಅವರ ಅರವತ್ತನೆಯ ವರ್ಷದ ಸಮಾರಂಭ ನಡೆಯಿತು. ಅಲ್ಲಿ ತರುಣ ಭೀಮಸೇನರು ಹಾಡಿದರು. ಹಾಡಲಾಗದ ಗುರು, ಎದುರಿಗೆ ತನ್ನ ವಿದ್ಯೆಯನ್ನು ಹಾಡುವ ಶಿಷ್ಯ. ಆ ಗಳಿಗೆಯನ್ನು ಮನಸ್ಸಿಗೆ ತಂದುಕೊಳ್ಳಿರಿ. ತಮ್ಮಲ್ಲಿಯೇ ಇಟ್ಟುಕೊಂಡಿದ್ದರೆ ಅವರ ವಿದ್ಯೆ ಅವರ ಕಂಠದೊಡನೆಯೇ ಮುಗಿಯುತ್ತಿತ್ತು. ಕೊಟ್ಟದ್ದು ಮಾತ್ರ ಉಳಿಯಿತು.

1952ರ ಸೆಪ್ಟೆಂಬರ್ 12ರಂದು ಅವರು ತೀರಿಕೊಂಡರು. ಕರ್ನಾಟಕ ಒಂದಾದದ್ದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಆಗ ಕುಂದಗೋಳ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಮಾರನೆಯ ವರ್ಷ, 1953ರಲ್ಲಿ, ಭೀಮಸೇನರು ಮುಂದಾಗಿ ನಿಂತು ಗುರುಗಳ ಸ್ಮರಣೆಗೆ ಪುಣೆಯಲ್ಲಿ ಸಂಗೀತೋತ್ಸವ ಆರಂಭಿಸಿದರು. ಸಣ್ಣದಾಗಿ ಆರಂಭವಾದದ್ದು ದೇಶದ ದೊಡ್ಡ ಉತ್ಸವಗಳಲ್ಲೊಂದಾಯಿತು. ಸುಮಾರು ಐವತ್ತು ವರ್ಷ ಅವರೇ ಅದರ ಭಾರ ಹೊತ್ತರು. ಗುರುವಿನ ಹೆಸರಿನ ಆ ಮಂಟಪದಲ್ಲಿ ಬೇರೆ ಬೇರೆ ಘರಾಣೆಯವರು ಹಾಡಿದರು, ಹಿರಿಯರ ಜೊತೆಗೆ ಕಿರಿಯರಿಗೂ ಜಾಗ ಸಿಕ್ಕಿತು. ಭೀಮಸೇನರಿಗೆ 2008ರಲ್ಲಿ ಭಾರತರತ್ನ ಘೋಷಿತವಾಯಿತು. 2011ರ ಜನವರಿಯಲ್ಲಿ ಅವರೂ ಹೊರಟುಹೋದರು. ಉತ್ಸವ ನಿಲ್ಲಲಿಲ್ಲ. ಈಗ ಗುರುವಿನ ಹೆಸರಿನ ಪಕ್ಕದಲ್ಲಿ ಶಿಷ್ಯನ ಹೆಸರೂ ಸೇರಿದೆ.

ಈಗ ನಮ್ಮ ಮಾತು. ನಮ್ಮಲ್ಲಿ ಎಷ್ಟೋ ಮಂದಿ ಗುರುವಿನ ಋಣ ತೀರಿಸುವ ಮೊದಲೇ ಊರು ಬಿಟ್ಟವರು. ನನಗೆ ಅ ಆ ಇ ಈ ತಿದ್ದಿಸಿದ ಕನ್ನಡ ಶಾಲೆಯ ಮಾಸ್ತರರು ತೀರಿಕೊಂಡ ಸುದ್ದಿ ನನಗೆ ಇಲ್ಲಿ ತಲುಪಿದಾಗ ಹದಿನೈದು ದಿನ ಕಳೆದುಹೋಗಿತ್ತು. ಹೋಗಿ ಕೈಮುಗಿಯಲೂ ಆಗಲಿಲ್ಲ. ನೌಕರಿ ಹಿಡಿದ ಮೇಲೆ ಒಮ್ಮೆ ಹೋಗಿ ಒಂದು ಧೋತರದ ಜೋಡಿ ಕೊಟ್ಟು ಬರಬೇಕೆಂದಿದ್ದೆ. ‘ಮುಂದಿನ ರಜೆಗೆ’ ಎನ್ನುತ್ತಲೇ ವರ್ಷಗಳು ಕಳೆದವು. ಇಂಥ ಒಂದು ಮುಳ್ಳು ನಿಮ್ಮಲ್ಲಿ ಬಹಳ ಜನರ ಎದೆಯಲ್ಲಿಯೂ ಇರಬಹುದು.

ಆ ಮುಳ್ಳಿಗೆ ಮದ್ದು ಭೀಮಸೇನರ ನಡತೆಯಲ್ಲಿದೆ. ಗುರುವಿಗೆ ಕೊಡಬೇಕಾದದ್ದನ್ನು ಗುರುವಿಗೇ ಹಿಂತಿರುಗಿಸಲು ಯಾರಿಂದಲೂ ಆಗುವುದಿಲ್ಲ, ಮುಂದಿನವರಿಗೆ ಕೊಡಬಹುದು. ಕುಂದಗೋಳದ ಋಣವನ್ನು ಅವರು ಕುಂದಗೋಳದಲ್ಲಿಯೇ ತೀರಿಸಬೇಕೆಂದು ಕಾಯಲಿಲ್ಲ. ತಾವು ನೆಲೆಸಿದ ಪುಣೆಯಲ್ಲಿಯೂ ತೀರಿಸಿದರು. ಈ ನೆಲದ ಸಂತರ ಅಭಂಗಗಳನ್ನು ಹಾಡಿದ ಬಾಯಿಂದಲೇ ನಮ್ಮ ದಾಸರ ಪದಗಳನ್ನೂ ಹಾಡಿದರು. ಬಂದ ನೆಲವನ್ನೂ ಬಿಟ್ಟ ನೆಲವನ್ನೂ ಒಟ್ಟಿಗೆ ಪ್ರೀತಿಸುವುದು ಹೇಗೆಂದು ತಿಳಿಯಲು ನಮಗೆ ಬೇರೆ ಪುಸ್ತಕ ಬೇಡ.

ಕಡೆಯದಾಗಿ ಒಂದು ವಿಜ್ಞಾಪನೆ. ನಮ್ಮ ಸಂಘದಲ್ಲಿ ಭಾನುವಾರದ ಕನ್ನಡ ವರ್ಗಕ್ಕೆ ಮಕ್ಕಳು ಬರುತ್ತಾರೆ, ಕಲಿಸುವವರು ಸಾಲದು. ದೊಡ್ಡ ಪಾಂಡಿತ್ಯ ಬೇಕಾಗಿಲ್ಲ. ಒಂದು ವಾರಕ್ಕೆ ನಾಲ್ಕು ಅಕ್ಷರ ಸಾಕು; ಮೂರೇ ರಾಗದಿಂದ ಒಬ್ಬ ಭೀಮಸೇನರು ಆಗಲಿಲ್ಲವೆ? ನಿಮ್ಮ ಮಾಸ್ತರರನ್ನು ಮನಸ್ಸಿನಲ್ಲಿ ನೆನೆದು, ತಿಂಗಳಿಗೆ ಒಂದು ಭಾನುವಾರ ಒಂದು ಗಂಟೆ ಬನ್ನಿರಿ. ನಾನು ಮುಂದಿನ ಭಾನುವಾರದಿಂದ ಬರುತ್ತೇನೆಂದು ಹೆಸರು ಬರೆಸಿದ್ದೇನೆ. ಆ ಧೋತರದ ಜೋಡಿಯ ಸಾಲ ಹೀಗಾದರೂ ತೀರಲಿ.