ನನಗೇನು ಗೊತ್ತು ಅನ್ನಬೇಡಿ



ಇವತ್ತು ಒಂದು ಮಾತಿನ ಬಗ್ಗೆ ಯೋಚನೆ ಮಾಡೋಣ. ಅದು ನಮ್ಮ ಬಾಯಲ್ಲಿ ದಿನಾ ಬರುವ ಮಾತು. "ನಾನು ಹೆಂಗಸು, ನನಗೇನು ಗೊತ್ತು?"

ನಮಗೆ ನಿಜವಾಗಿ ಏನೂ ಗೊತ್ತಿಲ್ಲವೇ? ಮನೆಯ ರಾಗಿ ಮುಂದಿನ ಸುಗ್ಗಿವರೆಗೆ ಸಾಲುತ್ತದೋ ಇಲ್ಲವೋ, ಲೆಕ್ಕ ಹಾಕುವವರು ಯಾರು? ಬಿತ್ತನೆ ಬೀಜಕ್ಕೆ ಬೂದಿ ಬೆರೆಸಿ, ಹುಳ ಬೀಳದ ಹಾಗೆ ಕಾಯುವವರು ಯಾರು? ನಾವೇ ಅಲ್ಲವೇ?

ಪಾವಗಡ ತಾಲ್ಲೂಕಿನಲ್ಲಿ ಸೂಲಗಿತ್ತಿ ನರಸಮ್ಮ ಅಂತ ಇದ್ದರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಸಾವಿರಾರು ಹೆರಿಗೆ ಮಾಡಿಸಿದರು. ದುಡ್ಡು ಕೇಳಲಿಲ್ಲ. 2018ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಅವರ ಕೈಯಲ್ಲಿ ಇದ್ದದ್ದು ತಿಳುವಳಿಕೆಯೇ ಅಲ್ಲವೇ?

ಹಾಗಾದರೆ ಈ ಮಾತು ಎಲ್ಲಿಂದ ಬಂತು? ಹುಟ್ಟುವಾಗ ತಂದದ್ದಲ್ಲ. "ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ" ಅಂದರು. ನೂರು ಸಲ ಕೇಳಿದೆವು. ನಂಬಿಬಿಟ್ಟೆವು.

ನಂಬಿದ ಮಾತು ನಮ್ಮಲ್ಲೇ ನಿಲ್ಲುವುದಿಲ್ಲ. ತನಗೆ ಬುದ್ಧಿ ಇಲ್ಲ ಅಂದುಕೊಂಡ ತಾಯಿ ಮಗಳಿಗೆ, "ಇಷ್ಟು ಓದು ಸಾಕು" ಅನ್ನುತ್ತಾಳೆ. ತನ್ನ ಕೆಲಸ ಹಗುರ ಅಂದುಕೊಂಡವಳು ಕಡಿಮೆ ಕೂಲಿಗೆ ಒಪ್ಪುತ್ತಾಳೆ. ಗಂಡಸರಷ್ಟೇ ಕೂಲಿ ಕೇಳಿದ ಜೊತೆಯವಳನ್ನು "ಬಾಯಿಬಡುಕಿ" ಅನ್ನುತ್ತಾಳೆ. ಒಂದೇ ಕೆಲಸಕ್ಕೆ ಒಂದೇ ಕೂಲಿ ಅಂತ 1976ರಲ್ಲೇ ಕಾನೂನು ಬಂದಿದೆ!

ಪಕ್ಕದಲ್ಲಿ ಆಡುವ ಮಗ ಇದನ್ನೆಲ್ಲ ಕೇಳಿಸಿಕೊಳ್ಳುತ್ತಾನೆ. ನಾಳೆ ಅವನೂ ಹೆಂಡತಿಗೆ, "ನೀ ಸುಮ್ಮನಿರು, ನಿನಗೇನು ಗೊತ್ತು?" ಅನ್ನುತ್ತಾನೆ. ಮಾತು ಅದೇ, ಬಾಯಿ ಬೇರೆ.

ಸಿಹಿ ಮಾತೂ ಇದೆ. "ಹೆಣ್ಣು ಸಹನಾಮೂರ್ತಿ, ಮನೆಯ ದೇವತೆ" ಅನ್ನುತ್ತಾರೆ. ಕೇಳೋಕೆ ಚೆನ್ನ. ಆದರೆ ಈ ದೇವತೆ ಕೊನೆಗೆ ಉಳಿದದ್ದನ್ನು ಉಣ್ಣಬೇಕು. ಗಂಡ ಹೊಡೆದರೂ ಸಹಿಸಬೇಕು. ಇಂಥ ಹೊಗಳಿಕೆಯೂ ನಮ್ಮನ್ನು ಕಟ್ಟಿಹಾಕುತ್ತದೆ.

ಊರಿನ ಕೆಲಸದಲ್ಲೂ ಹೀಗೇ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. 2010ರಲ್ಲಿ ಈ ನಿಯಮ ಬಂತು. ಆದರೂ ಕೆಲವು ಕಡೆ ಸಹಿ ಹೆಂಡತಿಯದು, ಮಾತು ಗಂಡನದು. "ನನಗೇನು ಗೊತ್ತು" ಅಂದರೆ ಗೆದ್ದ ಕುರ್ಚಿಯೂ ಕೈ ತಪ್ಪುತ್ತದೆ.

ತಪ್ಪೆಲ್ಲ ನಮ್ಮದೇ ಅಂತ ಅಲ್ಲ. ಗಂಡಸರೂ ಬದಲಾಗಬೇಕು. ಆದರೆ ನಮ್ಮ ಬಾಯಿಯ ಮಾತನ್ನು ಇವತ್ತೇ ಬದಲಿಸಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಇಂದು ರಾತ್ರಿ ಒಂದು ಕೆಲಸ ಮಾಡಿ. ಸ್ಲೇಟಿನ ಮೇಲೆ "ನನಗೆ ಗೊತ್ತು" ಅಂತ ಬರೆಯಿರಿ. ಅದರ ಕೆಳಗೆ ನಿಮಗೆ ಚೆನ್ನಾಗಿ ಬರುವ ಐದು ಕೆಲಸ ಬರೆಯಿರಿ. ಮಗಳಿಗೂ ತೋರಿಸಿ, ಮಗನಿಗೂ ತೋರಿಸಿ. ನಾಳೆ ಕಲಿಕಾ ಕೇಂದ್ರಕ್ಕೆ ತನ್ನಿ. ಎಲ್ಲರೂ ಗಟ್ಟಿಯಾಗಿ ಓದೋಣ.