ದೂರದ ಹಾಡಿಗೆ ಆರೋಗ್ಯ ತಲುಪುವ ಬಗೆ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರ್ಷಗಳು ತುಂಬಿದ ಈ ಸಂತೋಷದ ವೇಳೆಯಲ್ಲಿ, ನಾಡಿನ ಅಂಚಿನ ಕಾಡುಗಳಲ್ಲಿ ಬಾಳುತ್ತಿರುವ ನಮ್ಮ ಸೋದರರ ಆರೋಗ್ಯವನ್ನು ಕುರಿತು ಕೆಲವು ಮಾತುಗಳನ್ನು ನಿಮ್ಮ ಮುಂದಿಡಬಯಸುತ್ತೇವೆ. ಸೋಲಿಗರು, ಜೇನುಕುರುಬರು, ಕೊರಗರು ಎಂಬ ಹೆಸರುಗಳನ್ನು ಕೇಳದವರು ನಮ್ಮಲ್ಲಿ ಇರಲಾರರು. ಅವರನ್ನು ಕಾಡುವ ಬೇನೆಗಳನ್ನು ಅರಿತವರು ವಿರಳ. ಇಂದು ಒಂದೇ ರೋಗವನ್ನು ಎತ್ತಿಕೊಳ್ಳುತ್ತೇವೆ. ಅದರ ಕಥೆಯಲ್ಲಿ ಮಿಕ್ಕವುಗಳ ಕಥೆಯೂ ಅಡಗಿದೆ.

ಸಿಕಲ್ ಸೆಲ್ ರಕ್ತಹೀನತೆ ಎಂಬ ರೋಗವೊಂದಿದೆ. ರಕ್ತದ ಕೆಂಪು ಕಣಗಳು ದುಂಡಗೆ, ಮೆದುವಾಗಿದ್ದು, ಅತಿ ಸಣ್ಣ ನಾಳಗಳಲ್ಲಿಯೂ ನುಸುಳಿ ಹೋಗುತ್ತವೆ. ಈ ರೋಗವುಳ್ಳವರಲ್ಲಿ ಅವು ಕುಡುಗೋಲಿನಂತೆ ಬಾಗಿ ಗಡುಸಾಗುತ್ತವೆ. ನಾಳಗಳು ಕಟ್ಟಿಕೊಂಡು ಮೂಳೆ, ಕೀಲುಗಳಲ್ಲಿ ತಡೆಯಲಾಗದ ನೋವುಂಟಾಗುತ್ತದೆ. ಎಳೆಯ ಮಕ್ಕಳಿಗೆ ಸೋಂಕುಗಳು ಬೇಗನೆ ತಗಲಿ ಪ್ರಾಣಕ್ಕೆ ಎರವಾಗುತ್ತವೆ. ತಂದೆತಾಯಿಗಳಿಬ್ಬರಿಂದಲೂ ಈ ದೋಷ ಬಂದ ಮಗು ರೋಗಿಯಾಗುತ್ತದೆ. ಒಬ್ಬರಿಂದ ಮಾತ್ರ ಬಂದರೆ ಅದು ಕೇವಲ ವಾಹಕ, ಸಾಮಾನ್ಯವಾಗಿ ಆರೋಗ್ಯವಾಗಿಯೇ ಬಾಳುತ್ತದೆ. ವಾಹಕರಿಗೆ ಮಲೇರಿಯದಿಂದ ಸ್ವಲ್ಪ ರಕ್ಷಣೆ ದೊರೆಯುತ್ತಿದ್ದುದರಿಂದಲೇ ಮಲೇರಿಯ ಪೀಡಿತ ಪ್ರದೇಶಗಳ ಜನರಲ್ಲಿ ಈ ಗುಣ ತಲೆಮಾರುಗಳವರೆಗೆ ಉಳಿದುಬಂದಿತು.

ನಮ್ಮ ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲಿ ಈ ದೋಷವಿರುವುದನ್ನು ಲೆಹ್ಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳು 1952ರಲ್ಲಿಯೇ ಪ್ರಕಟಿಸಿದರು. ಎಳೆಯ ರೋಗಿಗಳಿಗೆ ಪೆನಿಸಿಲಿನ್ ಕೊಟ್ಟು ಮಾರಕ ಸೋಂಕನ್ನು ತಡೆಯಬಹುದೆಂಬುದು 1986ರಲ್ಲಿ, ಹೈಡ್ರಾಕ್ಸಿಯೂರಿಯ ಎಂಬ ಔಷಧದಿಂದ ನೋವಿನ ಬಾಧೆ ಕಡಿಮೆಯಾಗುವುದೆಂಬುದು 1995ರಲ್ಲಿ ಸಿದ್ಧಪಟ್ಟಿತು. ಈ ರೋಗದ ನಿರ್ಮೂಲನಕ್ಕೆ ರಾಷ್ಟ್ರೀಯ ಅಭಿಯಾನ ಆರಂಭವಾದುದು 2023ರ ಜುಲೈ 1ರಂದು. 1952ರಿಂದ ಎಣಿಸಿದರೆ 71 ವರ್ಷಗಳಾದುವು! ಬೇನೆ ನಗರದ ಶ್ರೀಮಂತರ ಮಕ್ಕಳದಾಗಿದ್ದರೆ ಇಷ್ಟು ಕಾಲ ಕಾಯುತ್ತಿದ್ದೆವೆ? ಈ ಪ್ರಶ್ನೆಯನ್ನು ನಾವೆಲ್ಲರೂ ನಮ್ಮ ನಮ್ಮ ಮನಸ್ಸಾಕ್ಷಿಗೆ ಕೇಳಿಕೊಳ್ಳಬೇಕು.

ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚಿಬಿಟ್ಟರೆ ನ್ಯಾಯ ಸಂದಿತೆಂದು ಭಾವಿಸುವವರಿದ್ದಾರೆ. ಸರ್ಕಾರದ ನಿಯಮದಂತೆ ಬಯಲು ಪ್ರದೇಶದಲ್ಲಿ 5,000 ಜನರಿಗೆ, ಗುಡ್ಡಗಾಡು ಹಾಗೂ ಆದಿವಾಸಿ ಪ್ರದೇಶಗಳಲ್ಲಿ 3,000 ಜನರಿಗೆ ಒಂದು ಆರೋಗ್ಯ ಉಪಕೇಂದ್ರ ಇರಬೇಕು. ಈ ರಿಯಾಯಿತಿ ಯೋಗ್ಯವಾದುದೇ. ಆದರೆ ಈ ಲೆಕ್ಕವು ತಲೆಗಳನ್ನು ಎಣಿಸುತ್ತದೆಯೇ ಹೊರತು ಕಾಲುದಾರಿಯ ದೂರವನ್ನಲ್ಲ, ಆನೆಯ ಭಯವನ್ನಲ್ಲ, ಕಳೆದುಹೋದ ದಿನಗೂಲಿಯನ್ನಲ್ಲ. ಅಷ್ಟು ದೂರ ನಡೆದುಬಂದವರನ್ನು ಅಲ್ಲಿ ತಾತ್ಸಾರದಿಂದ ಮಾತನಾಡಿಸಿದರೆ ಅವರು ಮತ್ತೆ ಬರಲಾರರು. ಹೆಚ್ಚು ಕಷ್ಟವಿರುವ ಕಡೆಗೆ ಹೆಚ್ಚು ಒದಗಿಸುವುದೇ ಸಮತೆ.

ಇದು ಸಾಧ್ಯವೇ ಎಂದು ಸಂದೇಹಪಡುವವರು ಬಿಳಿಗಿರಿರಂಗನ ಬೆಟ್ಟದ ಕಡೆಗೆ ನೋಡಲಿ. ಅಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಚಿಕಿತ್ಸೆಯೊಡನೆ ಶಾಲೆಯನ್ನೂ ಜೀವನೋಪಾಯವನ್ನೂ ಕಟ್ಟಿತು. ಆದಿವಾಸಿ ಹೆಣ್ಣುಮಕ್ಕಳಿಗೇ ದಾದಿಯರ ತರಬೇತಿಯನ್ನು ಕೊಟ್ಟಿತು. 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಕಾಡಿನ ಮೇಲಿನ ಸಾಮುದಾಯಿಕ ಹಕ್ಕುಗಳು ದೊರೆತುವು. ಇದೂ ಆರೋಗ್ಯದ ವಿಷಯವೇ. ಗೆಡ್ಡೆಗೆಣಸು, ಸೊಪ್ಪು, ಜೇನು ಇವುಗಳಿಂದ ದೂರಮಾಡಿದ ಜನರ ಮೈಯಲ್ಲಿ ಬರಿಯ ಮಾತ್ರೆಯಿಂದ ರಕ್ತ ತುಂಬುವುದಿಲ್ಲ.

ಮಹಾರಾಷ್ಟ್ರದ ಗಡಚಿರೋಲಿಯಲ್ಲಿಯೂ ಇಂತಹದೇ ನಿದರ್ಶನವಿದೆ. ವೈದ್ಯ ದಂಪತಿಗಳಾದ ಅಭಯ್ ಮತ್ತು ರಾಣಿ ಬಂಗ್ ಅವರ ನೇತೃತ್ವದಲ್ಲಿ 39 ಹಳ್ಳಿಗಳ ಸಾಮಾನ್ಯ ಹೆಂಗಸರು ನವಜಾತ ಶಿಶುಗಳನ್ನು ತೂಗುವುದು, ಬೆಚ್ಚಗಿಡುವುದು, ಸೋಂಕನ್ನು ಗುರುತಿಸಿ ಮನೆಯಲ್ಲಿಯೇ ಔಷಧ ಕೊಡುವುದು ಇವುಗಳನ್ನು ಕಲಿತರು. ಮೂರನೆಯ ವರ್ಷದ ಹೊತ್ತಿಗೆ ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಮರಣವು, ಹೋಲಿಕೆಗೆಂದು ಆರಿಸಿದ ಹಳ್ಳಿಗಳಿಗಿಂತ ಶೇಕಡ 62ರಷ್ಟು ತಗ್ಗಿತು. ಇದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಾಡಿಯ ಆರೋಗ್ಯವನ್ನು ಹಾಡಿಯವರೇ ಕಾಯಬಲ್ಲರು. ಕಲಿಸುವವರು ಬೇಕು, ನಂಬುವವರು ಬೇಕು.

ಇನ್ನೊಂದು ಎಚ್ಚರಿಕೆಯ ಮಾತು. ರಕ್ತಪರೀಕ್ಷೆ ಮಾಡಿ ಕೈಗೊಂದು ಕಾರ್ಡು ಕೊಟ್ಟುಬಿಡುವುದರಿಂದ ಕೆಲಸ ಮುಗಿಯದು. ವಿವರಿಸಿ ಹೇಳದಿದ್ದರೆ ಆ ಕಾರ್ಡೇ ಕಳಂಕವಾದೀತು. ಹೆಣ್ಣಿನ ಮದುವೆಗೆ ಅಡ್ಡಿಯಾದೀತು. ವಾಹಕರಿಬ್ಬರು ದಂಪತಿಗಳಾದಾಗ ಪ್ರತಿಯೊಂದು ಗರ್ಭದಲ್ಲಿಯೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಅದರಲ್ಲಿ ತಂದೆಯ ಪಾಲು ಎಷ್ಟೋ ತಾಯಿಯ ಪಾಲೂ ಅಷ್ಟೇ. ಇದನ್ನು ಅವರ ನುಡಿಯಲ್ಲಿ, ಅವರ ಜಗಲಿಯಲ್ಲಿ ಕುಳಿತು, ಸಾವಧಾನವಾಗಿ ತಿಳಿಸಬೇಕು. ಮಾತ್ರೆಗಳು ತಿಂಗಳು ತಿಂಗಳೂ ತಪ್ಪದೆ ತಲುಪಬೇಕು.

ಬಂಧುಗಳೇ, ನಮ್ಮಿಂದಾಗುವುದೇನು? ನಮ್ಮಲ್ಲಿ ರಕ್ತದಾನ ಮಾಡಬಲ್ಲ ಯುವಕರಿದ್ದಾರೆ. ತೀವ್ರ ರಕ್ತಹೀನತೆಯಿಂದ ಬಳಲುವ ರೋಗಿಗೆ ಅದು ಪ್ರಾಣದಾನ. ನಿವೃತ್ತ ದಾದಿಯರೂ ಉಪಾಧ್ಯಾಯರೂ ಇದ್ದಾರೆ. ಒಬ್ಬ ಆದಿವಾಸಿ ಹುಡುಗಿಯ ದಾದಿ ಶಿಕ್ಷಣಕ್ಕೆ ಕೆಲವು ಕುಟುಂಬಗಳು ಸೇರಿ ಹೊಣೆ ಹೊರಬಹುದು. ಔಷಧ ಮುಗಿದ ಉಪಕೇಂದ್ರದ ಪರವಾಗಿ ಅರ್ಜಿ ಬರೆಯಬಹುದು. ಉತ್ತರ ಬರುವವರೆಗೆ ಬಿಡದೆ ಬರೆಯಬಹುದು. ಇವು ದೊಡ್ಡ ಕೆಲಸಗಳಲ್ಲ. ಆದರೆ ಎಡೆಬಿಡದೆ ನಡೆಯಬೇಕಾದ ಕೆಲಸಗಳು. ಹಬ್ಬದ ತೋರಣ ಬಾಡಿದ ಮೇಲೆಯೂ ಅವು ನಡೆಯಲಿ ಎಂದು ಹಾರೈಸುತ್ತೇವೆ.